ರಮಾಬಾಯಿ ಮಿಸ್ ವೇಷ

"ವರುಣ್," ಎಂದು ರಮಾಬಾಯಿ ಕರೆದರು.

ಕರೆಯುವಾಗ ತಲೆ ತಗ್ಗಿಸಿದ್ದರು. ಕರೆದ ಮೇಲೆ ತಲೆಯೆತ್ತಿ ಕನ್ನಡಕದ ಮೇಲಿನಿಂದ ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ವರುಣ್ ಅವರ ಮೇಜಿಗೆ ಅಂಟಿಕೊಂಡಂತೆ ಇದ್ದ ಮೊದಲನೇ ಬೆಂಚಿನಲ್ಲಿ ಕೂತಿದ್ದ. ಕೋಣೆಯಲ್ಲಿ ಅವನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಇದ್ದೇನೆ ಮಿಸ್," ಎಂದು ಎದ್ದು ನಿಂತು ಹೇಳಿದ.

"ಕೂತ್ಕೋ. ಹಿಂದಿನ ಬೆಂಚಿನೋರು ಗಲಾಟೆ ಮಾಡಬಾರದು."

ಈ ಕೊನೆಯ ಮಾತು ತಮಾಷೆಯೋ ಹಳೆಯ ಅಭ್ಯಾಸವೋ ಎಂಬುದು ಎರಡು ವರ್ಷವಾದರೂ ವರುಣ್‌ಗೆ ಗೊತ್ತಾಗಿಲ್ಲ. ಹಿಂದಿನ ಬೆಂಚುಗಳ ಮೇಲೆ ಕ್ರೀಡಾ ದಿನದ ಬಾವುಟಗಳು, ತುಂಡಾದ ಹರ್ಡಲ್‌ಗಳು, ಒಂದು ಒಡೆದ ಭೂಗೋಳ ಇವೆ. ಚೆನ್ನೈನ ಅಣ್ಣಾ ನಗರದ ಆ ಖಾಸಗಿ ಶಾಲೆಯಲ್ಲಿ ಎರಡನೇ ಮಹಡಿಯ ಕಟ್ಟಕಡೆಯ ಕೋಣೆ ಅದು. ಬಾಗಿಲ ಮೇಲಿನ ಫಲಕದಲ್ಲಿ ಈಗಲೂ ಕನ್ನಡ ಎಂದು ಬರೆದಿದೆ.

ರಮಾಬಾಯಿಗೆ ಐವತ್ತಾರು ವರ್ಷ. ಮುತ್ತಜ್ಜನ ಕಾಲದಿಂದ ಮದರಾಸಿನಲ್ಲೇ ನೆಲೆಸಿದ ಮಾಧ್ವ ಕುಟುಂಬ. ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಎಂ.ಎ. ಮಾಡಿದ್ದು ಅಂಚೆ ಶಿಕ್ಷಣದಲ್ಲಿ. ಬೆಳಿಗ್ಗೆ ಕ್ರೋಂಪೇಟೆಯಲ್ಲಿ ಲೋಕಲ್ ಟ್ರೇನು ಹತ್ತಿ, ಪರಂಗಿಮಲೆಯಲ್ಲಿ ಇಳಿದು ಮೆಟ್ರೊ ಹಿಡಿದು ಬರುತ್ತಾರೆ. ಅವರು ಕೆಲಸಕ್ಕೆ ಸೇರಿದಾಗ ಈ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ರೈಲ್ವೆ, ಬ್ಯಾಂಕು, ವಿಮಾ ಕಚೇರಿಗಳಿಗೆ ವರ್ಗವಾಗಿ ಬಂದವರ ಮಕ್ಕಳು ಬೆಂಚಿಗೆ ನಾಲ್ವರಂತೆ ಕೂರುತ್ತಿದ್ದರು. ಆಮೇಲೆ ವರ್ಗಾವಣೆಗಳು ಕಡಿಮೆಯಾದವು. ಇದ್ದ ಮಕ್ಕಳೂ ಅಂಕಕ್ಕೆ ಅನುಕೂಲವೆಂದು ಫ್ರೆಂಚ್, ಹಿಂದಿಗೆ ಹೋದರು. ಈಗ ಪ್ಲಸ್ ಟೂ, ಅಂದರೆ ಹನ್ನೆರಡನೇ ತರಗತಿ, ಓದುತ್ತಿರುವ ವರುಣ್ ಉಳಿದದ್ದು ಅವನ ಅಜ್ಜಿಯ ಹಟದಿಂದ.

ಶಾಲೆ ಕಟ್ಟಿಸಿದ ಹಿರಿಯರು ಕನ್ನಡದವರು. ಒಂದು ಮಗು ಕೇಳಿದರೂ ಕನ್ನಡ ಕಲಿಸಬೇಕು ಎಂದು ಹೇಳಿದ್ದರು. ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅವರು ತೀರಿಕೊಂಡ ಮೇಲೆ ಮೊಮ್ಮಗ ಶ್ರೀಕಾಂತ್ ಕರೆಸ್ಪಾಂಡೆಂಟ್ ಆದರು. ಚೆನ್ನೈ ಶಾಲೆಗಳಲ್ಲಿ ಆಡಳಿತ ನಡೆಸುವವರಿಗೆ ಇರುವ ಹೆಸರು ಅದು. ಬಂದ ವರ್ಷವೇ ಅವರು ಮಕ್ಕಳು ಕಡಿಮೆಯೆಂದು ಸಂಸ್ಕೃತ ವಿಭಾಗ ಮುಚ್ಚಿಸಿದರು. ಉಳಿದ ಭಾಷೆಗಳಲ್ಲಿ ಎಷ್ಟೆಷ್ಟು ಮಕ್ಕಳಿದ್ದಾರೆಂದು ಕೇಳಿದಾಗ ಪ್ರಿನ್ಸಿಪಾಲ್ ಮಂಗೈಯರ್ಕರಸಿ ಕನ್ನಡವನ್ನು ಫ್ರೆಂಚ್, ಹಿಂದಿಗಳ ಜೊತೆ ಸೇರಿಸಿ ಒಟ್ಟು ಸಂಖ್ಯೆ ಹೇಳಿದರು. ಶ್ರೀಕಾಂತ್ ಬಿಡಿಸಿ ಕೇಳಲಿಲ್ಲ.

ಆ ಸಂಜೆ ಪ್ರಿನ್ಸಿಪಾಲ್ ರಮಾಬಾಯಿಯವರನ್ನು ಕರೆದು ತಮಿಳಿನಲ್ಲಿ ಹೇಳಿದರು: "ಜೂನ್‌ವರೆಗೆ ನಿಮ್ಮ ಕೋಣೆ ಎಲ್ಲಿದೆ ಅಂತ ಯಾರಿಗೂ ನೆನಪಾಗಬಾರದು. ಆಮೇಲೆ ನಾನು ನೋಡಿಕೊಳ್ಳುತ್ತೇನೆ."

ಜೂನ್ ಎಂದದ್ದಕ್ಕೆ ಕಾರಣವಿತ್ತು. ಐದನೇ ತರಗತಿಯ ಅಕ್ಷಯಾ ಮತ್ತು ವಿಭಾ ಮುಂದಿನ ವರ್ಷ ಆರನೆಯದಕ್ಕೆ ಬರುವವರು. ಅವಳಿ ಮಕ್ಕಳು, ಮನೆಮಾತು ಕನ್ನಡ. ರಮಾಬಾಯಿ ಮೂರು ಭಾನುವಾರ ಅವರ ಮನೆಗೆ ಹೋಗಿ ತಾಯಿಯನ್ನು ಒಪ್ಪಿಸಿದ್ದರು. ಆ ಇಬ್ಬರು ಸೇರಿದರೆ ಪ್ಲಸ್ ಟೂವರೆಗೆ ಏಳು ವರ್ಷ ಕನ್ನಡ ಇರುತ್ತದೆ. ರಮಾಬಾಯಿಯವರ ನಿವೃತ್ತಿಗೆ ಎರಡು ವರ್ಷ ಸಾಕು. ಅದರ ಮೇಲಿನ ಐದು ವರ್ಷ ಇನ್ನೊಬ್ಬರಿಗೆ, ಎಂದು ಅವರು ಗಂಡನ ಹತ್ತಿರ ಹೇಳುತ್ತಿದ್ದರು.

ಹೀಗಾಗಿ ಅವರು ಮಾಡಬೇಕಾದದ್ದು ಒಂದೇ. ಸುಮ್ಮನಿರುವುದು.

ಫೆಬ್ರವರಿಯಲ್ಲಿ ಪ್ಲಸ್ ಟೂ ಮಕ್ಕಳ ಫೇರ್‌ವೆಲ್. ಹುಡುಗಿಯರು ಅಮ್ಮಂದಿರ ರೇಷ್ಮೆ ಸೀರೆ ಉಟ್ಟು ಬರುತ್ತಾರೆ, ಹುಡುಗರು ಅಂಟಿಸಿಕೊಳ್ಳುವ ಪಟ್ಟಿಯ ವೇಷ್ಟಿ ಪಂಚೆ ಉಟ್ಟು. ಪ್ಲಸ್ ಒನ್ ಮಕ್ಕಳು ಹಿರಿಯರ ಎದೆಗೆ ಬಿರುದಿನ ಪಟ್ಟಿ ಹಾಕುತ್ತಾರೆ: ಒಬ್ಬನಿಗೆ ಕ್ಯಾಂಟೀನ್ ಜಮೀನ್ದಾರ, ಒಬ್ಬಳಿಗೆ ಲೇಟ್ ಪಾಸ್ ಮಹಾರಾಣಿ. ಇದೆಲ್ಲ ಎಲ್ಲ ಶಾಲೆಯಲ್ಲೂ ಇದೆ. ಈ ಶಾಲೆಯ ಸ್ವಂತ ಪದ್ಧತಿಯೆಂದರೆ ಮಿಸ್ ವೇಷ. ಹೋಗುವ ಮಕ್ಕಳು ತಮಗೆ ಬೇಕಾದ ಮೇಷ್ಟರನ್ನೋ ಮಿಸ್ಸನ್ನೋ ಆರಿಸಿ ವೇದಿಕೆಯ ಮೇಲೆ ಅವರಂತೆಯೇ ನಡೆದು, ಬೈದು, ಸೀನಿ ತೋರಿಸುತ್ತಾರೆ. ವೇಷಕ್ಕೆ ಬೇಕಾದ ಬಟ್ಟೆಯನ್ನು ಆ ಶಿಕ್ಷಕರೇ ಕೊಡಬೇಕು.

ಯಾರೂ ಬಾಯಿಬಿಟ್ಟು ಹೇಳದಿದ್ದರೂ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತು, ವೇಷ ಕಟ್ಟಿಸಿಕೊಳ್ಳುವುದೇ ಪದವಿ. ಭೌತಶಾಸ್ತ್ರದ ಪದ್ಮನಾಭ ಮೇಷ್ಟರ ವೇಷವನ್ನು ಇವತ್ತಿನವರೆಗೆ ಯಾರೂ ಹಾಕಿಲ್ಲ; ಆ ದಿನ ಅವರಿಗೆ ಪ್ರತಿ ವರ್ಷ ತಲೆನೋವು ಬರುತ್ತದೆ. ರಮಾಬಾಯಿ ಮಿಸ್ ವೇಷ ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಕರ್ಚೀಫು, ಬಿಸಿಲಿಲ್ಲದಾಗಲೂ ಬಿಚ್ಚಿದ ಕೊಡೆ, "ಗಮನ ಇಲ್ಲಿ!" ಎಂಬ ಕೂಗು. ಸಾಸಿವೆ ಬಣ್ಣದ ಒಂದು ಸುಂಗಡಿ ಸೀರೆಯನ್ನು ಇದಕ್ಕೆಂದೇ ಅವರು ಬೀರುವಿನಲ್ಲಿ ಬೇರೆಯಾಗಿ ಇಟ್ಟಿದ್ದರು.

"ಈ ವರ್ಷ ನಿಮ್ಮ ಪಾತ್ರಕ್ಕೆ ಆಳು ಸಿಕ್ಕಿದನಾ ಮೇಡಂ?" ಎಂದು ಪದ್ಮನಾಭ ಮೇಷ್ಟರು ತಮಿಳಿನಲ್ಲಿ ಕೇಳಿದರು.

"ಇರೋದೇ ಒಬ್ಬ ಸಾರ್. ಅವನು ಮುಖ ತಿರುಗಿಸಿದರೆ ನಾನೇ ವೇಷ ಕಟ್ಟಬೇಕು," ಎಂದರು ರಮಾಬಾಯಿ.

ವರುಣ್ ಮುಖ ತಿರುಗಿಸಲಿಲ್ಲ. ಆದರೆ ಅವನಿಗೊಂದು ತಕರಾರಿತ್ತು.

"ಮಿಸ್, ಕೊಡೆ, ಕರ್ಚೀಫು ಎಲ್ಲಾ ಹಳೇದಾಗೋಯ್ತು ಮಿಸ್. ಜೂನಿಯರ್ಸ್ ಸಿರಿಕ್ಕ ಮಾಟಾಂಗ, ನಗೋದೇ ಇಲ್ಲ. ಪುದುಸಾ ಏನಾದ್ರೂ ಬೇಕು."

"ಪುದುಸಾ ಅಲ್ಲ, ಹೊಸದಾಗಿ."

"ಅದೇ ಮಿಸ್, ಹೊಸದಾಗಿ."

ರಮಾಬಾಯಿ ಹಾಜರಿ ಪುಸ್ತಕ ಮುಚ್ಚಿದರು. "ನಾನು ಹಾಜರಿ ತೊಗೊಳ್ಳೋದನ್ನ ಮಾಡು," ಎಂದರು.

"ಯಾರ ಹಾಜರಿ?"

"ನಿಂದೇ. ಇನ್ಯಾರಿದ್ದಾರೆ? ವರುಣ್ ಅಂತ ಕರಿ, ಕನ್ನಡಕದ ಮೇಲಿಂದ ಹುಡುಕು, ಓಡಿ ಹೋಗಿ ಬೆಂಚಲ್ಲಿ ಕೂತು ಇದ್ದೇನೆ ಮಿಸ್ ಅನ್ನು. ತಿರುಗಿ ಓಡಿ ಬಾ."

ವರುಣ್ ಬೆಂಚು ಬಡಿದು ನಕ್ಕ. "ಸೆಮ ಮಿಸ್, ಸಕತ್ತಾಗಿದೆ! ಆಮೇಲೆ ಕ್ಲಾಸ್ ಲೀಡರ್ ಯಾರು? ವರುಣ್! ಫಸ್ಟ್ ರ‍್ಯಾಂಕ್ ಯಾರು? ವರುಣ್!"

"ಲಾಸ್ಟ್ ರ‍್ಯಾಂಕ್?"

"ಅದೂ ವರುಣ್!"

"ಪರೀಕ್ಷೇಲಿ ಪಕ್ಕದವನ ಪೇಪರ್ ನೋಡಿ ಬರೀಬೇಡ ಅಂತ ಬೈಯೋದನ್ನೂ ಸೇರಿಸು," ಎಂದರು ರಮಾಬಾಯಿ. ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಆ ವಾರವೆಲ್ಲ ವ್ಯಾಕರಣದ ಪಾಠ ನಡೆಯಲಿಲ್ಲ. ಬೆಂಚಿಗೂ ಮೇಜಿಗೂ ನಡುವೆ ಎಷ್ಟು ಜೋರಾಗಿ ಓಡಬೇಕು, ಎಲ್ಲಿ ಸೀರೆ ಎತ್ತಿ ಹಿಡಿಯಬೇಕು ಎಂಬುದನ್ನು ಅವರೇ ಓಡಿ ತೋರಿಸಿದರು.

ಫೇರ್‌ವೆಲ್ ದಿನ ವೇದಿಕೆಯ ಪಕ್ಕದ ಕೋಣೆಯಲ್ಲಿ ರಮಾಬಾಯಿ ವರುಣ್‌ನ ಸೆರಗಿಗೆ ಪಿನ್ನು ಹಾಕುತ್ತಿದ್ದರು. ಪರದೆಯ ಸಂದಿಯಿಂದ ಸಭಾಂಗಣ ಕಾಣುತ್ತಿತ್ತು. ಮೊದಲನೇ ಸಾಲಿನ ನಡುವಿನ ಕುರ್ಚಿಯಲ್ಲಿ ಶ್ರೀಕಾಂತ್ ಬಂದು ಕೂತರು. ಕರೆಸ್ಪಾಂಡೆಂಟ್ ಫೇರ್‌ವೆಲ್‌ಗೆ ಬರುವ ಪದ್ಧತಿ ಶಾಲೆಯಲ್ಲಿ ಇರಲಿಲ್ಲ. ಅವರ ತಾತ ವಾರ್ಷಿಕೋತ್ಸವಕ್ಕೆ ಮಾತ್ರ ಬರುತ್ತಿದ್ದರು. ಪಕ್ಕದಲ್ಲಿದ್ದ ಪ್ರಿನ್ಸಿಪಾಲ್ ಪರದೆಯ ಕಡೆ ಒಮ್ಮೆ ನೋಡಿದರು. ವೇಷದಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ರಮಾಬಾಯಿಗೆ ಗೊತ್ತಿತ್ತು.

"ಮಿಸ್, ಹೋಗ್ಲಾ?" ಎಂದ ವರುಣ್.

ಆಗ ಅವನಿಗೆ ಹೇಳಬಹುದಿತ್ತು: ಹಾಜರಿ ಬೇಡ, ಕೊಡೆ ಕರ್ಚೀಫು ಸಾಕು ಎಂದು. ಹೇಳಿದ್ದರೆ ಹುಡುಗ ಕೇಳುತ್ತಿದ್ದ. ಆದರೆ ಆಮೇಲೆ ಉಳಿಯುತ್ತಿದ್ದುದು ಹೋದ ವರ್ಷದ ವೇಷ, ಅದಕ್ಕೆ ಹೋದ ವರ್ಷ ಯಾರೂ ಅಷ್ಟಾಗಿ ನಕ್ಕಿರಲಿಲ್ಲ. ರಮಾಬಾಯಿ ಕೊನೆಯ ಪಿನ್ನು ಚುಚ್ಚಿದರು.

"ಜೋರಾಗಿ ಮಾತಾಡು," ಎಂದರು. "ಕೊನೇ ಸಾಲಿಗೂ ಕೇಳಬೇಕು."

ಕೊನೆಯ ಸಾಲಿಗೂ ಕೇಳಿತು. ವರುಣ್ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಕೂಗಿದ, ಹುಡುಕಿದ, ಸೀರೆ ಎತ್ತಿ ಹಿಡಿದು ಬೆಂಚಿಗೆ ಓಡಿದ, "ಇದ್ದೇನೆ ಮಿಸ್" ಎಂದ. ಖಾಲಿ ಬೆಂಚುಗಳಿಗೆ ಬೆರಳು ತೋರಿಸಿ ಗದರಿದ. ಲಾಸ್ಟ್ ರ‍್ಯಾಂಕ್ ಯಾರು ಎಂದು ಕೇಳಿದಾಗ ಇಡೀ ಸಭಾಂಗಣ "ವರುಣ್!" ಎಂದು ಕೂಗಿತು. ಪಕ್ಕದವನ ಪೇಪರಿನ ಮಾತಿಗೆ ಶ್ರೀಕಾಂತ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಷ್ಟು ದೊಡ್ಡ ಚಪ್ಪಾಳೆ ಯಾವ ವರ್ಷದ ವೇಷಕ್ಕೂ ಬಿದ್ದಿರಲಿಲ್ಲ.

ಚಪ್ಪಾಳೆ ನಿಲ್ಲುವ ಮೊದಲೇ ಶ್ರೀಕಾಂತ್ ನಗುತ್ತಲೇ ಪ್ರಿನ್ಸಿಪಾಲರ ಕಡೆ ಬಾಗಿ ಏನೋ ಕೇಳಿದರು. ಪ್ರಿನ್ಸಿಪಾಲ್ ನಗುವುದನ್ನು ನಿಲ್ಲಿಸಿದರು.

ಸೋಮವಾರ ರಮಾಬಾಯಿಯವರಿಗೆ ಕರೆ ಬಂತು. ಶ್ರೀಕಾಂತ್ ಎದ್ದು ನಿಂತು ಕುರ್ಚಿ ತೋರಿಸಿದರು, ಕಾಫಿ ತರಿಸಿದರು.

"ಏನ್ ಮೇಡಂ, ನಿಮ್ಮ ಸ್ಟೂಡೆಂಟು ಸೂಪರ್! ನಮ್ಮನೇಲಿ ಎಲ್ಲರಿಗೂ ಆಕ್ಟ್ ಮಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ನಿಜವಾಗ್ಲೂ ಒಬ್ಬನೇನಾ?"

"ಹೌದು ಸಾರ್, ಒಬ್ಬನೇ."

"ನಮ್ಮನೇಲೂ ಕನ್ನಡಾನೇ ಮೇಡಂ, ನಂಗೂ ಸೆಂಟಿಮೆಂಟ್ ಇದೆ. ಆದ್ರೆ ಒಬ್ಬ ಹುಡುಗನಿಗೆ ಒಂದು ಟೀಚರು, ಒಂದು ರೂಮು. ನೀವೇ ಹೇಳಿ."

"ಜೂನ್‌ನಲ್ಲಿ ಇಬ್ಬರು ಸೇರ್ತಾರೆ ಸಾರ್. ತಾಯಿ ಒಪ್ಪಿದ್ದಾರೆ."

"ಇಬ್ಬರಾ? ಹಾಗಾದ್ರೆ ಫಸ್ಟ್ ರ‍್ಯಾಂಕ್ ಒಬ್ಬರು, ಲಾಸ್ಟ್ ರ‍್ಯಾಂಕ್ ಒಬ್ಬರು," ಎಂದು ಶ್ರೀಕಾಂತ್ ಮೇಜು ತಟ್ಟಿ ನಕ್ಕರು. ರಮಾಬಾಯಿಗೂ ನಗು ಬಂತು. ಮಾತು ಅವರದೇ ಹಾಸ್ಯದ ಮುಂದುವರಿಕೆ, ಚೆನ್ನಾಗಿಯೇ ಇತ್ತು. ಆಮೇಲೆ ಶ್ರೀಕಾಂತ್ ವರ್ಷದ ಕೊನೆಗೆ ವಿಭಾಗ ಮುಚ್ಚುವುದಾಗಿ ಹೇಳಿದರು. "ನಿಮಗೆ ಗ್ರಾಂಡಾಗಿ ಫೇರ್‌ವೆಲ್ ಮಾಡೋಣ ಮೇಡಂ. ಆ ಹುಡುಗನ್ನೇ ಕರೆಸಿ ಮತ್ತೊಂದು ಸಲ ಮಾಡಿಸೋಣ."

ಹೊರಗೆ ವರಾಂಡದಲ್ಲಿ ಪ್ರಿನ್ಸಿಪಾಲ್ ಕಾದಿದ್ದರು. "ನಾನು ಸುಳ್ಳುಗಾತಿ ಆದೆ," ಎಂದರು. "ನಾಲ್ಕು ತಿಂಗಳು, ರಮಾಬಾಯಿ. ನಾಲ್ಕು ತಿಂಗಳು ನಿಮ್ಮನ್ನು ನೋಡಿ ಯಾರೂ ನಗದಿದ್ದರೆ ಆಗುತ್ತಿರಲಿಲ್ಲವಾ?"



ಮನೆಯಲ್ಲಿ ಗಂಡ ಮುರಳೀಧರ ಎಲ್ಲವನ್ನೂ ಕೇಳಿದರು. ವಿಮಾ ಕಚೇರಿಯಿಂದ ನಿವೃತ್ತರಾದವರು, ಹೆಚ್ಚು ಮಾತಿನವರಲ್ಲ. "ಹುಡುಗ ತಾನಾಗಿ ಮಾಡಿದ್ದಿದ್ದರೆ ಅವನನ್ನ ಬೈಕೋಬಹುದಿತ್ತು," ಎಂದರು. "ಅದಕ್ಕೂ ದಾರಿ ಇಟ್ಟುಕೊಳ್ಳಲಿಲ್ಲವಲ್ಲೇ ನೀನು."

ತರಗತಿಗಳ ಕೊನೆಯ ದಿನ ಪ್ಲಸ್ ಟೂ ಮಕ್ಕಳು ಬಿಳಿ ಶರಟು ಹಾಕಿಕೊಂಡು ಬಂದು ಎಲ್ಲರಿಂದ ಅದರ ಮೇಲೆ ಬರೆಸಿಕೊಂಡರು. ವರುಣ್ ಮೆಟ್ಟಿಲು ಹತ್ತಿ ಕಡೆಯ ಕೋಣೆಗೆ ಬಂದ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸೀರೆ, ಇನ್ನೊಂದರಲ್ಲಿ ಸ್ಕೆಚ್ ಪೆನ್ನು.

"ಮಿಸ್, ವಿಡಿಯೋ ಹಾಕಿದ್ವಲ್ಲ, ಊರೆಲ್ಲಾ ನೋಡ್ತಾ ಇದ್ದಾರೆ ಮಿಸ್. ಸೀರೆಗೆ ಕೊಂಜಂ ಲಿಪ್‌ಸ್ಟಿಕ್ ಆಗಿದೆ, ಸಾರಿ."

"ಒಗೆದರೆ ಹೋಗುತ್ತೆ."

"ನೆಕ್ಸ್ಟ್ ಇಯರ್ ನಿಮ್ಮ ವೇಷ ಯಾರು ಮಿಸ್ ಹಾಕೋದು?"

"ಯಾರಾದ್ರೂ ಸಿಕ್ತಾರೆ. ತಿರುಗು."

ವಿಭಾಗ ಮುಚ್ಚುವುದನ್ನು ಅವರು ವರುಣ್‌ಗೆ ಹೇಳಲಿಲ್ಲ. ಹುಡುಗ ಮಾರ್ಚ್‌ನಲ್ಲಿ ಪರೀಕ್ಷೆ ಬರೆಯಬೇಕಿತ್ತು. ಬೆನ್ನಿನ ಮೇಲೆ ಜಾಗವೇ ಇರಲಿಲ್ಲ. ತಮಿಳು, ಇಂಗ್ಲಿಷ್, ಹೃದಯದ ಚಿತ್ರಗಳು, ಯಾರೋ ಬರೆದ ಬೈಗುಳ. ಕಾಲರಿನ ಕೆಳಗೆ ಉಳಿದಿದ್ದ ಸಣ್ಣ ಜಾಗದಲ್ಲಿ ರಮಾಬಾಯಿ ಕನ್ನಡದಲ್ಲಿ ತಮ್ಮ ಹೆಸರು ಬರೆದರು. ಏನು ಬರೆದಿರಿ ಎಂದು ಅವನು ಕೇಳಲಿಲ್ಲ. ಕೆಳಗಿನಿಂದ ಗೆಳೆಯರು ಕೂಗುತ್ತಿದ್ದರು, ಓಡಿದ.

ರಮಾಬಾಯಿಯವರ ಕೆಲಸ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಅಕ್ಷಯಾ ಮತ್ತು ವಿಭಾ ಜೂನ್‌ನಿಂದ ಫ್ರೆಂಚ್ ಓದುತ್ತಾರೆ.