ಮೇನ್ ಸ್ವಿಚ್ ಆಫ್ ಮಾಡಿ ಹೋದ ಮನೆ

ಡರ್ಬಿಯ ಆ ಮನೆಯಲ್ಲಿ ನಮಗೆ ಅದು ಎರಡನೆಯ ಚಳಿಗಾಲ. ನಾದಿನಿಯ ಮಗಳ ಮದುವೆಗೆಂದು ನಾನು, ಗಂಡ, ನಮ್ಮ ಜೊತೆಯಲ್ಲೇ ಇದ್ದ ಅತ್ತೆ, ಮೂವರೂ ಬೆಂಗಳೂರಿಗೆ ಹೊರಟಿದ್ದೆವು. ಪಕ್ಕದ ಮನೆಯ ಮುದುಕರು ಮೊದಲೇ ಎಚ್ಚರಿಸಿದ್ದರು: ಹೀಟಿಂಗ್ ಸಣ್ಣಗೆ ಉರಿಯುತ್ತಲೇ ಇರಲಿ, ಇಲ್ಲದಿದ್ದರೆ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪೇ ಸೀಳುತ್ತದೆ. ಅದರಲ್ಲೂ ಅಟ್ಟದಲ್ಲಿರುವ ಟ್ಯಾಂಕಿನ ಪೈಪು ಹುಷಾರು ಎಂದಿದ್ದರು. ಆ ಟ್ಯಾಂಕು ಇದ್ದದ್ದು ಅತ್ತೆಯ ಕೋಣೆಯ ಮೇಲೆ. ಗಂಡ ಅವರು ಹೇಳಿದಂತೆಯೇ ಮಾಡಿದರು.

ಟ್ಯಾಕ್ಸಿ ಬಂದು ನಿಂತ ಮೇಲೆ ಅತ್ತೆ, "ಒಂದ್ನಿಮಿಷ, ಬಾತ್‌ರೂಮಿಗೆ ಹೋಗಿ ಬಂದೆ" ಎಂದು ಒಳಗೆ ಹೋಗಿ ಬಂದರು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ವಾಪಸು ಬಂದು ಬೀಗ ತೆಗೆದರೆ ದೀಪ ಹತ್ತಲಿಲ್ಲ. ಕರೆಂಟಿಲ್ಲದೆ ಹೀಟಿಂಗೂ ಆರಿಹೋಗಿ, ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಪರದೆ ಎಳೆದಿದ್ದ ಕತ್ತಲಲ್ಲಿ ಫೋನಿನ ಟಾರ್ಚ್ ಹಿಡಿದು ಅಡುಗೆಮನೆಯ ನಲ್ಲಿ ತಿರುಗಿಸಿದೆ. ಯಾರೋ ಉಸಿರೆಳೆದುಕೊಂಡ ಹಾಗೆ ಒಂದು ಸದ್ದು, ಹನಿ ನೀರಿಲ್ಲ.

"ಮೇನ್ ನಾನೇ ಆಫ್ ಮಾಡಿದ್ದು," ಎಂದರು ಅತ್ತೆ ಕೋಟು ಬಿಚ್ಚುತ್ತಾ. "ಊರಿಗೆ ಹೋಗೋವಾಗ ಕರೆಂಟು ಆನ್ ಇಟ್ಟು ಯಾರಾದ್ರೂ ಹೋಗ್ತಾರಾ? ರಾಜಾಜಿನಗರದಲ್ಲಿ ಅಷ್ಟು ವರ್ಷ ಸಂಸಾರ ಮಾಡಿದೀನಿ, ಒಂದು ಸಲಾನೂ ಮರೆತಿಲ್ಲ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

"ಇದೇನು ನಿಮ್ಮ ರಾಜಾಜಿನಗರ ಅಂದ್ಕೊಂಡ್ರಾ? ಯಾರನ್ನ ಕೇಳಿ ಮುಟ್ಟಿದ್ರಿ? ಇನ್ನೊಂದು ಸಲ ಮುಟ್ಟಿ ನೋಡಿ, ಆಮೇಲಿದೆ ನಿಮಗೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಮೇಲೆ ಹೋಗಿ ತಮ್ಮ ಕೋಣೆಯಲ್ಲಿ ಮಲಗಿಬಿಟ್ಟರು.

ಗಂಡ ಕರೆಂಟು ಹಾಕಿ ಹೀಟಿಂಗ್ ಜೋರು ಮಾಡಿದರು. ಎಲ್ಲೂ ಒದ್ದೆಯಿರಲಿಲ್ಲ. ಸದ್ಯ, ಬಚಾವಾದೆವು ಅಂದುಕೊಂಡೆವು. ಅಟ್ಟದ ಪೈಪು ಸೀಳಿಯಾಗಿತ್ತು, ಒಳಗಿನ ಮಂಜುಗಡ್ಡೆಯೇ ಆ ಸೀಳನ್ನು ಮುಚ್ಚಿ ಹಿಡಿದಿತ್ತು ಎಂಬುದು ನಮಗೇನು ಗೊತ್ತು! ಮನೆ ಬೆಚ್ಚಗಾದಷ್ಟೂ ಅದು ಕರಗುತ್ತಿತ್ತು.

ಸಂಜೆ ಊಟಕ್ಕೆ ಕರೆಯಲು ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆಯ ಮಂಚದ ನೇರಕ್ಕೆ ತೆಳು ಹಲಗೆಯ ಸೀಲಿಂಗು ತುಂಬು ಬಸುರಿಯ ಹೊಟ್ಟೆಯಂತೆ ಜೋತುಬಿದ್ದಿತ್ತು. ಅದರ ನಡುವೆ ಒಂದು ಬಿರುಕು ಮೆಲ್ಲಗೆ ಉದ್ದವಾಗುತ್ತಿತ್ತು.

"ಅತ್ತೇ, ಏಳಿ! ಏಳೀಂದ್ರೆ!"

ಗೋಡೆಯ ಕಡೆ ಮುಖ ಮಾಡಿದ್ದ ಅವರು ಅಲುಗಲಿಲ್ಲ. ಕಿವಿಯ ಮೆಷಿನ್ನು ಮೇಜಿನ ಮೇಲಿತ್ತು. ನನ್ನ ಬೈಗುಳ ಕೇಳಬಾರದೆಂದು ತೆಗೆದಿಟ್ಟಿದ್ದರು. ಅದಿಲ್ಲದೆ ಸಿಡಿಲು ಬಡಿದರೂ ಅವರಿಗೆ ಕೇಳಿಸದು. ಓಡಿಹೋಗಿ ರಟ್ಟೆ ಹಿಡಿದು ದರದರ ಎಳೆದೆ. ಇಬ್ಬರೂ ಹೊಸ್ತಿಲಾಚೆ ಬಿದ್ದೆವು. ಹಿಂದೆಯೇ ಸೀಲಿಂಗು ನೀರಿನ ಸಮೇತ ಧಡಾರೆಂದು ಮಂಚದ ಮೇಲೆ ಕುಸಿಯಿತು.

"ಅಯ್ಯೋ ದೇವರೇ, ಉಳ್ಕೊಂಡ್ರಲ್ಲಾ!" ಎಂದು ಅಳುತ್ತಾ ಅವರ ಕಡೆ ಕೈ ಚಾಚಿದೆ.

ಅತ್ತೆ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ಮುದುಡಿಕೊಂಡರು.

"ಹೊಡೀಬೇಡ ಕಣಮ್ಮಾ," ಎಂದರು. "ಇನ್ಮೇಲೆ ಯಾವ ಸ್ವಿಚ್ಚೂ ಮುಟ್ಟಲ್ಲ."