ಸವರಮ್ಮನ ಬೆರಳು

ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಉಳಿದ ದಿನ ಅವಳು ಸವರಮ್ಮ. ಎಲೆ ಸವರಿ ಸವರಿಯೇ ತಲೆ ನರೆಸಿಕೊಂಡವಳಿಗೆ ಜನ ಇನ್ನೇನು ಹೆಸರಿಟ್ಟಾರು?

ಸಂಶೋಧನಾ ಕೇಂದ್ರದ ಹಿಂದಿನ ಹೊಲದಲ್ಲಿ ಗೆಡ್ಡೆ ಸೂರ್ಯಕಾಂತಿಯ ಹತ್ತಾರು ತಳಿಗಳಿದ್ದವು. ಮೇಲೆ ಹಳದಿ ಹೂವು, ಮಣ್ಣೊಳಗೆ ಗೆಡ್ಡೆ. ಕೇಂದ್ರದವರ ಕಣ್ಣು ಮಾತ್ರ ಎಲೆಯ ಮೇಲೆ: ದನಕ್ಕೆ ಒಳ್ಳೆಯ ಮೇವಾಗುವ ತಳಿ ಯಾವುದು? ಎಲೆಯ ಉದ್ದಗಲಕ್ಕೆ ಅಳತೆಪಟ್ಟಿ ಇತ್ತು. ಪ್ರೋಟೀನು, ನಾರು, ಖನಿಜಕ್ಕೆ ಲ್ಯಾಬಿನ ಯಂತ್ರಗಳಿದ್ದವು. ಒರಟುತನಕ್ಕೆ ಮಾತ್ರ ಬೆರಳೇ ಗತಿ. ರೋಮ ಚುಚ್ಚುವ ಎಲೆಯಾದರೆ ಎಷ್ಟೇ ಸತ್ವವಿದ್ದರೂ ದನ ಮೂತಿ ತಿರುಗಿಸುತ್ತದೆ. ಅದಕ್ಕೇ ಸವರಮ್ಮ ಮತ್ತು ಸಂಶೋಧಕಿ ಮೇಡಂ ಬೇರೆ ಬೇರೆಯಾಗಿ ಎಲೆ ಸವರಿ ಅಂಕ ಹಾಕಬೇಕಿತ್ತು. ಒಂದು ಎಂದರೆ ಮೆತ್ತಗೆ, ಐದು ಎಂದರೆ ಉಪ್ಪುಕಾಗದ.

ಆದರೆ ಸವರಮ್ಮನ ಬೆರಳುಗಳು ಮರಗಟ್ಟಿದ್ದವು. ಸಕ್ಕರೆ ಕಾಯಿಲೆ ಸದ್ದಿಲ್ಲದೆ ತನ್ನ ಕೆಲಸ ಮುಗಿಸಿತ್ತು. ಮೊದಲು ಗೊತ್ತಾದದ್ದು ದರ್ಜಿ ಗಂಡನಿಗೆ. ಗುಂಡಿ ಹಾಕುತ್ತಿದ್ದ ಅವಳ ಬೆರಳಿಗೆ ಸೂಜಿ ನಾಟಿ, ಗಿರಾಕಿಯ ಬಿಳಿ ಅಂಗಿಗೆ ರಕ್ತ ಹತ್ತಿದರೂ ಅವಳು ಹರಟುತ್ತಲೇ ಇದ್ದಳು.

"ಏನೇ ಇದು, ನೋವೇ ಆಗ್ಲಿಲ್ವಾ?" ಎಂದ ಗಂಡನ ಮುಖ ಬಿಳಿಚಿಕೊಂಡಿತು. "ಮೇಡಂಗೆ ಹೇಳ್ಬಿಡು."

"ಸುಮ್ನಿರ್ರಿ. ಬೆರಳಿಲ್ಲದ ಸವರಮ್ಮನ್ನ ಯಾರು ಇಟ್ಕೋತಾರೆ? ನಿಮ್ಮ ಮಿಷನ್ ಪಕ್ಕ ಕೂತ್ಕೊಂಡು ಗೋಡೆ ನೋಡ್ಲಾ?"

ಅವಳಿಗೆ ಭಯ. ಆ ಕೆಲಸ ಬಿಟ್ಟರೆ ತಾನು ಯಾರು ಎಂಬುದೇ ಅವಳಿಗೆ ತಿಳಿಯದು.

ಹೀಗಾಗಿ ಆ ವರ್ಷ ಅವಳು ಸವರುವ ನಾಟಕ ಆಡಿದಳು. ಹಳೆಯ ತಳಿಗಳಿಗೆ ನೆನಪಿನಿಂದ ಅಂಕ ಹಾಕಿದಳು. ಏಳನೆಯ ತಳಿ ಹೊಸದು, ನೆನಪು ಎಲ್ಲಿಂದ ಬರಬೇಕು? ನೋಡಲು ಎಲೆ ಮಿರಮಿರ ಮಿಂಚುತ್ತಿತ್ತು. ಕಣ್ಣುಮುಚ್ಚಿ ಹೆಬ್ಬೆರಳು ಆಡಿಸಿ, ಬಹಳ ಯೋಚಿಸಿದವಳ ಹಾಗೆ "ಒಂದು" ಎಂದಳು.

ವಾರ ಕಳೆದು ಮೇಡಂ ನಗುನಗುತ್ತಾ ಹೊಲಕ್ಕೆ ಬಂದರು.

"ಸವರಮ್ಮಾ, ಏಳನೇದೇ ಗೆದ್ದಿತು! ಪ್ರೋಟೀನು ಎಲ್ಲಕ್ಕಿಂತ ಜಾಸ್ತಿ, ಎಲೆನೂ ಅಗಲ. ನಾಳೆ ಉಳಿದದ್ದನ್ನೆಲ್ಲ ಕಿತ್ತುಹಾಕಿ ಹೊಲ ಪೂರ್ತಿ ಇದನ್ನೇ ಹಾಕ್ತೀವಿ."

"ನಿಮ್ಮ ಕೈಗೆ ಹೇಗಿತ್ತು ಮೇಡಂ?"

"ನಂಗಾ? ನಾನು ನಾಲ್ಕು ಹಾಕಿದ್ದೆ. ಚುಚ್ಚಿದ ಹಾಗಾಯ್ತು. ಆಮೇಲೆ ನಿಮ್ಮ ಒಂದು ನೋಡಿ ನಾಚ್ಕೆ ಆಯ್ತು. ನಿಮ್ಮ ಕೈ ಮುಂದೆ ನನ್ನ ಕೈ ಎಲ್ಲಿ? ನಂದನ್ನೂ ಒಂದು ಅಂತಲೇ ತಿದ್ದಿಬಿಟ್ಟೆ."

ಮಾಡಬಾರದ ಕೆಲಸ. ಒಬ್ಬರ ಅಂಕ ನೋಡಿ ಇನ್ನೊಬ್ಬರು ಹಾಕಬಾರದೆಂದೇ ಬೇರೆ ಬೇರೆ ಸವರುವ ನಿಯಮ. ಆದರೆ ಬೈಯಲು ಸವರಮ್ಮನಿಗೆ ಯಾವ ಬಾಯಿ? ಓಡಿಹೋಗೋಣವೆನಿಸಿತು. ಮೇಡಂ ಇನ್ನೂ ನಗುತ್ತಿದ್ದರು, ಅದನ್ನು ಸಹಿಸಲಾಗಲಿಲ್ಲ.

"ನಿಮ್ಮ ನಾಲ್ಕೇ ಸರಿ ಮೇಡಂ. ನನ್ನ ಬೆರಳಿಗೆ ಏನೂ ತಿಳಿಯಲ್ಲ."

"ಯಾವಾಗಿಂದ?"

"ಈ ವರ್ಷ ಪೂರ್ತಿ."

"ಹಾಗಾದ್ರೆ ಉಳಿದ ತಳಿಗಳು?"

"ಎಲ್ಲಾ ನೆನಪಿಂದ ಹಾಕಿದ್ದು. ನೀವು ಎಷ್ಟನ್ನ ತಿದ್ದಿದ್ರಿ?"

"ನಿಮ್ಮದಕ್ಕೆ ಹೊಂದದೇ ಇದ್ದದ್ದನ್ನೆಲ್ಲ," ಎಂದರು ಮೇಡಂ. ಇಡೀ ವರ್ಷದ ಅಂಕಗಳು ಮಣ್ಣುಪಾಲಾಗಿದ್ದವು.

ಅವರು ಮುಂದೆ ಬಂದು ಸವರಮ್ಮನ ಬೆರಳುಗಳನ್ನು ಹಿಡಿದುಕೊಂಡರು. ಸವರಮ್ಮ ತಗ್ಗಿಸಿದ ತಲೆ ಎತ್ತಲಿಲ್ಲ, ಹಿಡಿದಿದ್ದ ಕೈಯನ್ನೇ ನೋಡುತ್ತ ನಿಂತಳು. ಸಿಟ್ಟಿನಿಂದ ಹಿಸುಕುತ್ತಿದ್ದಾರೋ, ಕನಿಕರದಿಂದ ನೇವರಿಸುತ್ತಿದ್ದಾರೋ, ಅವಳಿಗೆ ಗೊತ್ತಾಗಲಿಲ್ಲ.