ಗಿರಣಿಯ ಶ್ರುತಿ

ಶಿಕಾರಿಪುರದ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ, ಓಣಿಯವರೆಲ್ಲ ಅಮ್ಮ ಎಂದೇ ಕರೆಯುತ್ತಿದ್ದ ಹೆಂಗಸು ಅರವತ್ತು ದಾಟಿದ ಮೇಲೆ ಹಾಡು ಕಲಿಯತೊಡಗಿದರು. ತಂಬೂರಿ ಇರಲಿಲ್ಲ, ಮೋಟರಿನ ಗುಂಯ್‌ಗುಡುವ ಸದ್ದೇ ಅವರಿಗೆ ಶ್ರುತಿ. ಗಿರಣಿ ಚಾಲೂ ಮಾಡಿ, ಹಿಟ್ಟು ಮೆತ್ತಿದ ಕೈಯನ್ನು ಕಿವಿಗಿಟ್ಟು ಆಲಿಸಿ, "ಶ್ರುತಿ ಬಂತ್ರೀ, ಜೋಳ ಸುರೀರಿ" ಎನ್ನುತ್ತಿದ್ದರು.

ವೋಲ್ಟೇಜ್ ಇಳಿದರೆ ಮೋಟರಿನ ಜೊತೆ ಅವರ ಹಾಡೂ ಇಳಿಯುತ್ತಿತ್ತು. ಸೊರಬದಿಂದ ಬರುತ್ತಿದ್ದ ಸಂಗೀತದ ಮೇಷ್ಟ್ರು ಗದರಿದರು: "ಕರೆಂಟ್ ಹೋದ್ರೆ ಏನ್ ಮಾಡ್ತೀರಮ್ಮಾ?"

"ನಿಲ್ಲಿಸ್ತೀನ್ರೀ."

ಒಂದು ಮಧ್ಯಾಹ್ನ ಅಮ್ಮ ಹಾಡುತ್ತಿದ್ದ ವಚನದ ನಡುವೆಯೇ ಕರೆಂಟ್ ಹೋಯಿತು. ಗಿರಣಿ ನಿಂತಿತು, ಅವರು ನಿಲ್ಲಲಿಲ್ಲ. ಜೋಳದ ಡಬ್ಬಿ ಹಿಡಿದು ಸರದಿಯಲ್ಲಿ ನಿಂತಿದ್ದ ನಾವು ಡಬ್ಬಿ ಕೆಳಗಿಟ್ಟೆವು. ಕರೆಂಟ್ ಬಂದಾಗ ಹಾಡುತ್ತಲೇ ಗುಂಡಿ ಒತ್ತಿದರು. ಮೋಟರಿನ ಸದ್ದು ಏರುತ್ತ ಏರುತ್ತ ಅವರ ದನಿಗೇ ಬಂದು ಕೂಡಿತು.

"ಈಗ ಬಂತು ನೋಡು ನಿಂಗೆ ಶ್ರುತಿ," ಎಂದು ಮೋಟರಿಗೆ ಹೇಳಿ, ನಮ್ಮತ್ತ ತಿರುಗಿದರು: "ಸುರೀರಿ ಜೋಳ."